ಎಬ್ಬಿಸದ ಪಾಳಿ

"ಮತ್ತೆ ಎಬ್ಬಿಸಲಿಲ್ಲ ನೀವು!"

ದೋಣಿಯ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದವಳ ಮೊದಲ ಮಾತೇ ಅದು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಆದರೆ ಕಣ್ಣಲ್ಲಿ ನಿದ್ದೆಯ ಸುಳಿವೇ ಇಲ್ಲ... ಬರೀ ಸಿಟ್ಟು!

ಸೂರ್ಯ ಆಗಲೇ ನೀರು ಬಿಟ್ಟು ಮೇಲೇರಿದ್ದ. ಚುಕ್ಕಾಣಿ ಹಿಡಿದು ಕೂತಿದ್ದ ಗಂಡ ತಿರುಗಿಯೂ ನೋಡಲಿಲ್ಲ.

"ಗಾಳಿ ಚೆನ್ನಾಗಿತ್ತು. ನೀನು ಮಲಗಿದ್ದೆ. ಇರಲಿ ಅಂತ ಬಿಟ್ಟೆ."

"ಇರಲಿ ಅಂತ ಬಿಡೋಕೆ ನಾನೇನು ಟಿಕೆಟ್ ತಗೊಂಡು ಹತ್ತಿರೋ ಪ್ರಯಾಣಿಕಳಾ? ಅರ್ಧ ರಾತ್ರಿ ನಿಮ್ಮದು, ಅರ್ಧ ರಾತ್ರಿ ನನ್ನದು. ಹಾಗಂತ ಮಾತಾಗಿದೆ ಅಲ್ವಾ?"

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡಸರ ಕೈಯಲ್ಲಿ ಎಷ್ಟೋ ಆಯುಧಗಳಿರಬಹುದು, ಆದರೆ ಈ 'ಹೂಂ' ಮಾಡುವಷ್ಟು ಗಾಯ ಬೇರೆ ಯಾವುದೂ ಮಾಡುವುದಿಲ್ಲ ಬಿಡಿ.

ಇಬ್ಬರೇ ಇರುವ ಹಾಯಿದೋಣಿಯ ಸಂಸಾರ ದಡದ ಸಂಸಾರದಂತಲ್ಲ. ದಾರಿಯಲ್ಲಿ ಎಲ್ಲೋ ನಿಲ್ಲಿಸಿ ಒಂದು ನಿದ್ದೆ ತೆಗೆಯೋಣ ಎನ್ನುವ ಹಾಗಿಲ್ಲ. ನಡುಸಮುದ್ರದಲ್ಲಿ ಲಂಗರಿಗೆ ತಳವೇ ಸಿಗುವುದಿಲ್ಲ. ಒಬ್ಬರು ಮಲಗಿದರೆ ಇನ್ನೊಬ್ಬರು ಚುಕ್ಕಾಣಿಯ ಬಳಿ ಎಚ್ಚರವಿರಬೇಕು. ಪಾಳಿ ಮುಗಿದ ತಕ್ಷಣ ಕೆಳಗಿಳಿದು, ಮಲಗಿದವರ ಕಾಲು ಅಲುಗಿಸಿ ಎಬ್ಬಿಸಬೇಕು. ಎದ್ದವರು ಮೇಲೆ ಬರುವಾಗ ಎರಡು ಲೋಟ ಬಿಸಿ ಟೀ ತರಬೇಕು. ಆ ಟೀ ಕುಡಿಯುವಷ್ಟು ಹೊತ್ತು ಮಾತ್ರ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಎಚ್ಚರ. ಮಾತು, ನಗು, ಮುದ್ದು, ಜಗಳ ಎಲ್ಲವನ್ನೂ ಅಷ್ಟರಲ್ಲೇ ಮುಗಿಸಿಕೊಳ್ಳಬೇಕು.

ಆ ದಿನ... ಅವರಿಬ್ಬರೂ ಬಾಯಿಗೆ ತರದ ಆ ದಿನ ಕಳೆದ ಮೇಲೆ, ಅವನು ಅವಳನ್ನು ಎಬ್ಬಿಸುವುದನ್ನೇ ಬಿಟ್ಟಿದ್ದ. ಎಬ್ಬಿಸದಿದ್ದರೆ ಟೀ ಇಲ್ಲ. ಟೀ ಇಲ್ಲದಿದ್ದರೆ ಮಾತೂ ಇಲ್ಲ.

'ನನ್ನ ಕೈಗೆ ಚುಕ್ಕಾಣಿ ಕೊಡೋಕೆ ಇವರಿಗೆ ಭಯ. ಬಾಯಿಬಿಟ್ಟು ಹೇಳಲ್ಲ, ಅಷ್ಟೇ. ಎಲ್ಲ ನನ್ನಿಂದಲೇ ಹೋಯ್ತು ಅಂತ ಒಳಗೆ ಇಟ್ಕೊಂಡು, ದಿನಾ ಹೀಗೆ ಚುಚ್ಚಿ ಚುಚ್ಚಿ ತೋರಿಸ್ತಾರೆ...'

ಅವಳು ಕೆದರಿದ ಕೂದಲನ್ನು ಒಟ್ಟು ಮಾಡಿ ಗಂಟು ಹಾಕಿಕೊಂಡಳು. ಧ್ವನಿ ತಣ್ಣಗಾಯಿತು.

"ಇವತ್ತು ಮಧ್ಯಾಹ್ನ ದ್ವೀಪ ಸಿಗುತ್ತಲ್ಲ... ಅಲ್ಲಿಗೆ ಫೆರ್ರಿ ಬರುತ್ತಂತೆ. ನಾಳೆ ಬೆಳಿಗ್ಗೆ ನಾನು ಅದನ್ನ ಹತ್ತಿ ಅಕ್ಕನ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

"ವಾಪಸ್ ಬರಲ್ಲ."

ಅವನ ಕೈ ಚುಕ್ಕಾಣಿಯ ಮೇಲೆ ಬಿಗಿಯಾಯಿತು. ಮೇಲೆ ಹಾಯಿ ಒಮ್ಮೆ ಪಟಪಟ ಬಡಿದುಕೊಂಡು ಮತ್ತೆ ಗಾಳಿ ತುಂಬಿಕೊಂಡಿತು. ಅವನು ಏನಾದರೂ ಹೇಳಬಹುದೆಂದು ಅವಳು ಕಾದಳು. ಬೇಡ ಅನ್ನಬಹುದು. ಬೈಯಲೂಬಹುದು. ಕೊನೆಗೆ, ಹೋಗು ಹಾಳಾಗಿ ಹೋಗು ಎಂದಾದರೂ...

"ಹೂಂ," ಎಂದ ಅವನು.

* * *

ಇದೇ ಮನುಷ್ಯ ಒಂದು ಕಾಲದಲ್ಲಿ ಅವಳನ್ನು ನಗಿಸಿ ನಗಿಸಿ ಹೊಟ್ಟೆ ಹುಣ್ಣಾಗಿಸುತ್ತಿದ್ದ ಎಂದರೆ ಈಗ ಯಾರೂ ನಂಬಲಾರರು.

ಆಗ ಅವಳಿಗೆ ಬಂದರಿನ ಬೀದಿಯಲ್ಲಿ ಅಕ್ಕನ ಜೊತೆ ಒಂದು ಹೊಲಿಗೆ ಅಂಗಡಿ ಇತ್ತು. ಒಂದು ದಿನ ಬಿಸಿಲಲ್ಲಿ ಬೆಂದು ಕಪ್ಪಾದ ಈ ಆಸಾಮಿ ಹೆಗಲ ಮೇಲೆ ದೊಡ್ಡ ಗಂಟು ಹೊತ್ತು ಒಳಗೆ ಬಂದು, ಅದನ್ನು ನೆಲದ ಮೇಲೆ ಬಿಚ್ಚಿದ. ಬಟ್ಟೆ ಬಿಚ್ಚಿಕೊಳ್ಳುತ್ತಾ ಹೋಯಿತು, ಹೋಯಿತು... ಮಿಷನ್ನು, ಸ್ಟೂಲು, ಅಕ್ಕನ ಕಾಲು ಎಲ್ಲವೂ ಅದರಡಿ ಮುಚ್ಚಿಹೋದವು.

"ಯಾವ ರಾಕ್ಷಸನ ಅಂಗಿ ಇದು?" ಎಂದಿದ್ದಳು ಅವಳು.

"ನನ್ನ ದೋಣಿಯದು. ಹರಿದಿದ್ದು ಹಾಕ್ಕೊಂಡು ನಾಲ್ಕು ಜನರ ಮುಂದೆ ಬರೋಕೆ ಅವಳಿಗೆ ನಾಚಿಕೆಯಂತೆ."

"ಅಳತೆ ತಂದಿದ್ದೀರಾ?"

"ಅಳತೆ ತಗೊಳ್ಳೋಕೆ ನೀವೇ ಬರಬೇಕು. ಅವಳು ನೀರು ಬಿಟ್ಟು ಬರಲ್ಲ."

ಅವಳ ಸೂಜಿಗಳು ಆ ದಪ್ಪ ಬಟ್ಟೆಗೆ ಪಟಪಟನೆ ಮುರಿದವು. ಅವನು ಮೇಣ ಹಚ್ಚಿದ ದಾರ, ದಬ್ಬಳದಂಥ ಸೂಜಿ ತಂದುಕೊಟ್ಟ. ಅವಳು ಹೊಲಿಯುವಾಗ ಎದುರು ಕೂತು ಬಟ್ಟೆ ಎಳೆದು ಹಿಡಿದ. ಸಂಜೆಯಾದರೂ ಎದ್ದು ಹೋಗಲಿಲ್ಲ. "ಟೈಲರಮ್ಮ" ಎಂದು ಕರೆಯತೊಡಗಿದ. ಹಾಯಿ ಸಿದ್ಧವಾಯಿತು. ಮಾರನೆಯ ದಿನ ಇನ್ನೊಂದು ಹರಿದ ಹಾಯಿ ಬಂತು. ಅದನ್ನು ಅವನೇ ಬೇಕೆಂದು ಹರಿದು ತಂದಿದ್ದ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ!

"ನೆಲ ಇಲ್ಲದವನನ್ನ ಕಟ್ಕೊಂಡು ಎಲ್ಲಿ ಕಾಲೂರ್ತೀಯೇ?" ಎಂದು ಅಕ್ಕ ಗೋಗರೆದಿದ್ದಳು. ಪ್ರೀತಿ ಬಂದ ಕಿವಿಗೆ ಅದೆಲ್ಲ ಎಲ್ಲಿ ಕೇಳಬೇಕು?

ಮದುವೆಯಾದ ಹೊಸದರಲ್ಲಿ ಅವಳಿಗೆ ದೋಣಿಯೆಲ್ಲ ಆಟದ ಮನೆ. ಈರುಳ್ಳಿ ಆಲೂಗಡ್ಡೆ ಬಲೆಯಲ್ಲಿ ತಲೆಯ ಮೇಲೆ ತೂಗಾಡುತ್ತಿದ್ದವು. ಸ್ನಾನ ಉಪ್ಪುನೀರಲ್ಲಿ, ಕೊನೆಗೆ ಮೈ ತೊಳೆಯಲು ಒಂದೇ ಚೊಂಬು ಸಿಹಿನೀರು. ಟವೆಲ್ಲು ಯಾವತ್ತೂ ಒಣಗಿದ್ದಿಲ್ಲ. ಗ್ಯಾಸ್ ಒಲೆಯನ್ನು ತೂಗುಹಾಕಿದ್ದರು. ದೋಣಿ ಎಷ್ಟು ವಾಲಿದರೂ ಒಲೆ ಮಟ್ಟಸವಾಗಿಯೇ ಇರುತ್ತಿತ್ತು. ಅದು ಗೊತ್ತಿಲ್ಲದೆ ಮೊದಲ ದಿನ ಅವಳು ಒಲೆಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಲು ಹೋಗಿ, ಕುದಿಯುವ ಅನ್ನವೆಲ್ಲ ನೆಲದ ಪಾಲಾಯಿತು. ಅವನು ಬಿದ್ದು ಬಿದ್ದು ನಕ್ಕಿದ್ದ. ಒಂದೊಂದು ದ್ವೀಪದ ಮಗ್ಗುಲಲ್ಲಿ ಲಂಗರು ಹಾಕಿದಾಗ ಬೇರೆ ದೋಣಿಯವರು ಹರಿದ ಹಾಯಿಗಳನ್ನು ಅವಳ ಮುಂದೆ ತಂದು ಸುರಿಯುತ್ತಿದ್ದರು. ಅವನು ಅವರ ಕೆಟ್ಟ ಎಂಜಿನ್ನುಗಳ ಹೊಟ್ಟೆಯೊಳಗೆ ತಲೆ ತೂರಿಸುತ್ತಿದ್ದ. ಹೊಟ್ಟೆಗೆ ಬಟ್ಟೆಗೆ ಸಾಕಾಗುತ್ತಿತ್ತು.

"ನನ್ನ ದೋಣಿಲಿ ಒಂದೇ ಕಾನೂನು ಟೈಲರಮ್ಮ," ಎಂದಿದ್ದ ಅವನು. "ಗಾಳಿ ಜೋರಾಗಿ ಹಾಯಿ ಇಳಿಸಬೇಕು ಅನ್ನಿಸಿದ್ರೆ ಮೊದಲು ನನ್ನನ್ನ ಎಬ್ಬಿಸು. ಒಬ್ಬಳೇ ಡೆಕ್ಕಿನ ಮುಂದಕ್ಕೆ ಹೋಗಬೇಡ. ನೀನು ಕರೆದ್ರೆ ಸತ್ತಿದ್ರೂ ಎದ್ದು ಬರ್ತೀನಿ."

"ಥೂ, ಬಿಡ್ತು ಅನ್ನಿ!"

"ಬಿಡ್ತು, ಬಿಡ್ತು."

ಹೀಗಿದ್ದ ಮನೆಗೆ ಅದು ಹೇಗೆ ಕಣ್ಣು ಬಿತ್ತೋ!

ಅವಳಿಗೆ ಐದನೆಯ ತಿಂಗಳು ನಡೆಯುತ್ತಿತ್ತು. ದೊಡ್ಡ ಬಂದರಿನಲ್ಲಿ ಬಾಡಿಗೆಗೆ ಒಂದು ಕೋಣೆ ಗೊತ್ತು ಮಾಡಿ, ಹೆರಿಗೆಯಾಗುವ ತನಕ ದಡದಲ್ಲೇ ಇರುವುದೆಂದು ಹೊರಟಿದ್ದರು. ಹಿಂದಿನ ರಾತ್ರಿಯೆಲ್ಲ ಅಲೆ ಕೆಟ್ಟದಾಗಿ ಎದ್ದು ಅವನು ಕಣ್ಣು ಮುಚ್ಚಿರಲಿಲ್ಲ. ಮಧ್ಯಾಹ್ನ ಸಮುದ್ರ ತಣ್ಣಗಾದಾಗ ಅವಳೇ ಅವನನ್ನು ಕೆಳಗೆ ತಳ್ಳಿ ಮಲಗಿಸಿದಳು. ಅವನ ಪಾಳಿ ಬಂದಾಗಲೂ ಎಬ್ಬಿಸಲಿಲ್ಲ.

ಅಷ್ಟರಲ್ಲಿ ಆಕಾಶದ ಅಂಚಿನಿಂದ ಕಪ್ಪು ಮೋಡ ಉರುಳಿ ಬಂತು. ಆ ಸೀಮೆಯ ಗಾಳಿಮಳೆಯೇ ಹಾಗೆ, ಹೇಳಿ ಕೇಳಿ ಬರುವುದಿಲ್ಲ. ದೋಣಿ ಒಂದೇ ಮಗ್ಗುಲಿಗೆ ವಾಲಿತು. ಮುಂದಿನ ಹಾಯಿ ಹಗ್ಗಕ್ಕೆ ಸಿಕ್ಕಿಕೊಂಡು ಹುಚ್ಚು ಹಿಡಿದಂತೆ ಬಡಿಯತೊಡಗಿತು.

"ರೀ, ಬನ್ನಿ!" ಎಂದು ಕೂಗಿದಳು. ಕೂಗಿದವಳೇ ಕಾಯದೆ ಮುಂದಕ್ಕೆ ಹೋದಳು. ಒದ್ದೆ ಹಲಗೆಯ ಮೇಲೆ ಕಾಲು ಜಾರಿತು. ಹಗ್ಗ ಸುತ್ತುವ ಕಬ್ಬಿಣದ ಗಾಲಿ ಹೊಟ್ಟೆಗೆ ಬಡಿಯಿತು...

ಆಸ್ಪತ್ರೆ ಇರುವ ದ್ವೀಪ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಿಳಿ ಗೋಡೆಯ ಆ ಕೋಣೆಯಲ್ಲಿ ಅವನು ಅವಳ ಮಂಚದ ಪಕ್ಕ ಕೂತೇ ಇದ್ದ. 'ಯಾಕೆ ನನ್ನನ್ನ ಎಬ್ಬಿಸಲಿಲ್ಲ?' ಎಂದು ಕೇಳಿದ್ದರೆ ಅವಳು ಅವನ ಎದೆಗೆ ಬಿದ್ದು ಅತ್ತುಬಿಡುತ್ತಿದ್ದಳು. ಅವನು ಕೇಳಲಿಲ್ಲ. ಕೇಳದ ಆ ಪ್ರಶ್ನೆ ಅವರ ಜೊತೆಗೆ ದೋಣಿ ಹತ್ತಿತು. ಅಂದಿನಿಂದ ಇಬ್ಬರ ಮಧ್ಯೆ ಅದೇ ಸಂಸಾರ ಮಾಡುತ್ತಿತ್ತು.

* * *

ಮಧ್ಯಾಹ್ನ ದ್ವೀಪ ಕಂಡಿತು. ಒಂದು ಸಾಲು ತೆಂಗು, ಒಂದು ಗೆರೆ ಬಿಳಿ ಮರಳು, ಮುಂದೆ ಬಿಲ್ಲಿನಂತೆ ಬಾಗಿ ನಿಂತ ಹವಳದ ಬಂಡೆಸಾಲು. ಅದರ ನಡುವಿನ ಇಕ್ಕಟ್ಟು ದಾರಿಯಲ್ಲಿ ನುಸುಳಿ ಒಳಗೆ ಹೋಗಬೇಕು.

ಇಂಥಲ್ಲಿ ಹೋಗುವ ಕ್ರಮ ಒಂದೇ. ಒಬ್ಬರು ಮುಂದೆ ನಿಂತು ನೀರಿನ ಬಣ್ಣ ನೋಡಬೇಕು. ಕಡುನೀಲಿಯಾದರೆ ಆಳ, ಹಸಿರಾದರೆ ಜೋಪಾನ, ಕಂದು ಕಂಡರೆ ಬಂಡೆ. ಬಲಗೈ ಎತ್ತಿದರೆ ಹಿಂದೆ ಕೂತವರು ದೋಣಿಯನ್ನು ಬಲಕ್ಕೆ ತಿರುಗಿಸಬೇಕು, ಎಡಗೈ ಎತ್ತಿದರೆ ಎಡಕ್ಕೆ. ಮಾತಿನ ಅಗತ್ಯವೇ ಇಲ್ಲ. ಮಾತು ಬಿಟ್ಟ ಗಂಡ ಹೆಂಡತಿಗೆ ಹೇಳಿ ಮಾಡಿಸಿದ ಕೆಲಸ!

ಅವಳು ಮುಂದೆ ನಿಂತಳು. ಎಂಜಿನ್ನು ಮೆಲ್ಲಗೆ ಗೊಣಗುತ್ತಿತ್ತು. ಎಡಗಡೆ ಕಂದು ಬಣ್ಣ ಕಂಡಿತು. ಬಲಗೈ ಎತ್ತಿದಳು.

ದೋಣಿ ತಿರುಗಲಿಲ್ಲ.

ಕೈಯನ್ನು ಇನ್ನೂ ಮೇಲಕ್ಕೆತ್ತಿ ಬೀಸಿದಳು. ಊಹೂಂ! ನೇರ ಬಂಡೆಯ ಕಡೆಗೇ ಹೋಗುತ್ತಿದೆ!

ತಿರುಗಿ ನೋಡಿದಳು. ಅವನು ಕೂತಲ್ಲೇ ನಿದ್ದೆ ಹೋಗಿದ್ದ. ಗದ್ದ ಎದೆಗೆ ತಾಗಿತ್ತು. ಕೈ ಚುಕ್ಕಾಣಿಯ ಮೇಲೆ ಸುಮ್ಮನೆ ಬಿದ್ದಿತ್ತು.

ಅವಳು ಹಗ್ಗಗಳನ್ನು ಹಾರಿ ಓಡಿ ಬಂದು, ಅವನ ಕೈ ತಳ್ಳಿ, ಚುಕ್ಕಾಣಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ದೋಣಿಯ ಅಡಿಯಲ್ಲಿ ಕರಕರ ಸದ್ದಾಯಿತು. ಒಂದು ಕ್ಷಣ ಎಲ್ಲ ನಿಂತಂತಾಗಿ... ಮತ್ತೆ ಮುಂದಕ್ಕೆ ಜಾರಿತು. ನೀಲಿ ನೀರು. ಬಚಾವು!

ಅವನು ಬೆಚ್ಚಿ ಎದ್ದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಎಷ್ಟು ದಿನ ಆಯ್ತು ನೀವು ಸರಿಯಾಗಿ ಮಲಗಿ?"

ಅವನು ಅಂಚಿನಿಂದ ಬಗ್ಗಿ ದೋಣಿಯ ಅಡಿಯ ಕಡೆ ನೋಡಿದ.

"ಕೇಳ್ತಿರೋದು ನಿಮ್ಮನ್ನೇ! ನನ್ನ ಕೈಗೆ ಚುಕ್ಕಾಣಿ ಕೊಡೋಕಿಂತ ಇಬ್ಬರೂ ಮುಳುಗಿ ಹೋಗೋದೇ ವಾಸಿ ಅಂತನಾ? ಅಷ್ಟೂ ನಂಬಿಕೆ ಇಲ್ವಾ ನನ್ನ ಮೇಲೆ?"

"ನಂಬಿಕೆ ಮಾತಲ್ಲ..."

"ಮತ್ತೇನು? ಹೇಳಿ!"

ಅವನ ತುಟಿ ಅಲುಗಿತು. ಇನ್ನೇನು ಹೇಳಿಬಿಡುತ್ತಾನೆ ಅನ್ನಿಸಿತು. ಆದರೆ ಅವನು ಕಣ್ಣು ತಪ್ಪಿಸಿದ.

"ಲಂಗರು ಹಾಕಬೇಕು. ನೀನು ಮುಂದೆ ಹೋಗು."

ಅವಳೊಳಗೆ ಉಳಿದಿದ್ದ ಕಡೆಯ ಎಳೆಯೂ ಆಗ ಹರಿಯಿತು.

ಕೊಲ್ಲಿಯೊಳಗೆ ಫೋನಿಗೆ ಸಿಗ್ನಲ್ ಸಿಕ್ಕಿತು. ಅಕ್ಕನಿಗೆ ಮಾಡಿದಳು.

"ಬಾರೇ," ಎಂದಳು ಅಕ್ಕ. "ಇವತ್ತಲ್ಲ ನಾಳೆ ಬಂದೇ ಬರ್ತೀಯ ಅಂತ ಒಳಗಿನ ರೂಮು ಗುಡಿಸಿ ಇಟ್ಟಿದ್ದೀನಿ. ನಿನ್ನ ಮಿಷನ್ನಿಗೆ ಎಣ್ಣೆನೂ ಹಾಕಿದ್ದೀನಿ. ನಾನು ಆವತ್ತೇ ಹೇಳಿದ್ದೆ ಅಂತ ಮಾತ್ರ ಅನ್ನಲ್ಲಪ್ಪ."

"ಅಂದೇಬಿಟ್ಯಲ್ಲ ಅಕ್ಕ."

"ಬಾಯಿ ತಪ್ಪಿ ಬಂತು ಬಿಡು... ಅಳ್ತಿದ್ದೀಯಾ?"

"ಇಲ್ಲ, ಗಾಳಿ."

ಗಾಳಿಯೇ ಇರಲಿಲ್ಲ. ಕೊಲ್ಲಿಯ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿತ್ತು. ಅವಳು ಕೆಳಗಿಳಿದು ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಎಷ್ಟು ಒಗೆದರೂ ಉಪ್ಪಿನ ವಾಸನೆ ಬಿಡದ ಬಟ್ಟೆಗಳು. ಲಂಗರು ಹಾಕಿದ ಮೇಲೆ ಯಾರೂ ಪಾಳಿ ಕಾಯಬೇಕಿಲ್ಲ, ಇಬ್ಬರೂ ನಿಶ್ಚಿಂತೆಯಿಂದ ಮಲಗಬಹುದು. ಆದರೂ ಅವನು ಕೆಳಗೆ ಬರಲಿಲ್ಲ. ಮಗ್ಗುಲ ಹಾಸಿಗೆ ಬೆಳಗಿನವರೆಗೂ ಹಾಗೇ ಇತ್ತು. 'ನನ್ನ ಪಕ್ಕ ಮಲಗೋಕೂ ಆಗದಷ್ಟು ದ್ವೇಷ...' ಎಂದುಕೊಂಡು ಅವಳು ಗೋಡೆ ಕಡೆ ತಿರುಗಿದ್ದಳು.

* * *

ಬೆಳಿಗ್ಗೆ ಫೆರ್ರಿ ಬಂದು ಕಟ್ಟೆಗೆ ತಾಗಿ ನಿಂತಿದ್ದು ದೋಣಿಯಿಂದಲೇ ಕಾಣುತ್ತಿತ್ತು. ದಡಕ್ಕೆ ಹೋಗಲು ಇದ್ದದ್ದು ಒಂದೇ ಸಣ್ಣ ದೋಣಿ. ಅದರ ಮೋಟಾರು ಕೆಟ್ಟು ಮೂಲೆ ಸೇರಿತ್ತು. ಊರವರ ಎಂಜಿನ್ನನ್ನೆಲ್ಲ ರಿಪೇರಿ ಮಾಡುವ ಮಹಾನುಭಾವನಿಗೆ ತನ್ನದನ್ನು ನೋಡಲು ಮನಸ್ಸಾಗಿರಲಿಲ್ಲ. ಹಾಗಾಗಿ ಹುಟ್ಟು ಹಾಕಿಯೇ ಹೋಗಬೇಕು.

ಹುಟ್ಟು ಹಾಕುವವರು ದಡಕ್ಕೆ ಬೆನ್ನು ಮಾಡಿ ಕೂರಬೇಕು. ಎದುರಿಗೆ ಕೂತವರ ಮುಖ ನೋಡದೆ ಬೇರೆ ದಾರಿಯಿಲ್ಲ. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

ಹಾಡಹಗಲಲ್ಲಿ ಹೀಗೆ ಮುಖಾಮುಖಿ ಕೂತು ಎಷ್ಟು ತಿಂಗಳಾಗಿತ್ತೋ! ಚೀಲವನ್ನು ಮಡಿಲಲ್ಲಿಟ್ಟುಕೊಂಡ ಅವಳು ಅವನನ್ನು ನೋಡಬಾರದೆಂದುಕೊಂಡೇ ನೋಡಿದಳು. ಕಣ್ಣ ಕೆಳಗೆ ಕಪ್ಪು. ಗಡ್ಡದಲ್ಲಿ ಬಿಳಿ. ಮುಖ ಅರ್ಧಕ್ಕರ್ಧ ಇಳಿದುಹೋಗಿತ್ತು.

'ಇವರು ಯಾವಾಗ ಇಷ್ಟು ಮುದುಕರಾದ್ರು?'

ನಡುದಾರಿಯಲ್ಲಿ ಅವನು ಹುಟ್ಟು ನಿಲ್ಲಿಸಿದ.

"ಒಂದು ಮಾತು ಹೇಳಬೇಕು."

"ಈಗಲಾ? ಫೆರ್ರಿ ಹೊರಡುತ್ತೆ."

"ಈಗ ಹೇಳದಿದ್ರೆ ಇನ್ಯಾವತ್ತೂ ಆಗಲ್ಲ."

"...ಹೇಳಿ."

ಅವನು ಅವಳ ಕಣ್ಣನ್ನೇ ನೋಡಿದ.

"ಆವತ್ತು ನೀನು ಕರೆದಿದ್ದು ನನಗೆ ಕೇಳಿಸಿತ್ತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮಡಿಲ ಚೀಲವನ್ನು ಬಿಗಿಯಾಗಿ ಅವುಚಿಕೊಂಡಳು. ತನ್ನ ಕೂಗನ್ನು ಗಾಳಿ ನುಂಗಿತೆಂದೇ ಅವಳು ಇಷ್ಟು ದಿನ ನಂಬಿದ್ದಳು. ಬೇರೆಲ್ಲ ಹೋದರೂ ಅದೊಂದು ಸಮಾಧಾನ ಇಟ್ಟುಕೊಂಡಿದ್ದಳು. ಕೇಳಿಸಿದ್ದರೆ ಅವನು ಬಂದೇ ಬರುತ್ತಿದ್ದ ಎಂದು...

"ಏನಂದ್ರಿ?"

"ಕೇಳಿಸ್ತು. 'ರೀ, ಬನ್ನಿ' ಅಂದೆ. ಎಚ್ಚರಾನೂ ಆಯ್ತು. ಮೈ ಏಳಲಿಲ್ಲ. ಇನ್ನೊಂಚೂರು ಅಂತ ಮಗ್ಗುಲು ತಿರುಗಿದೆ. ಅವಳೇ ನೋಡ್ಕೋತಾಳೆ ಅಂದ್ಕೊಂಡೆ... ನೀನು ಎರಡನೇ ಸಲ ಕೂಗಿದಾಗ ಎದ್ದು ಓಡಿ ಬಂದೆ."

"ನಾನು ಎರಡನೇ ಸಲ ಕರೀಲಿಲ್ಲ."

"ಕರೆದೆ. ಜೋರಾಗಿ ಕೂಗಿದೆ. ನನ್ನ ಕಿವಿಯಲ್ಲಿ ಇನ್ನೂ ಇದೆ."

"ಅದು ಕರೆದಿದ್ದಲ್ಲ ರೀ... ಬಿದ್ದಿದ್ದು."

ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ದೋಣಿಯೊಳಗೆ ಎಳೆದುಕೊಂಡ.

"ಆವತ್ತಿಂದ ಹಾಸಿಗೆಗೆ ಬೆನ್ನು ತಾಗಿದ್ರೆ ಸಾಕು, ನೀನು ಕರೆದ ಹಾಗಾಗುತ್ತೆ. ಎದ್ದು ಓಡಿ ಬಂದ್ರೆ ನೀನು ಸುಮ್ಮನೆ ಮಲಗಿರ್ತೀಯ. ಅದಕ್ಕೇ ಮಲಗೋದೇ ಬೇಡ ಅಂತ ಮೇಲೆ ಕೂತಿರ್ತೀನಿ. ಮಲಗೋಕೆ ಆಗದವನು ನಿನ್ನನ್ನ ಎಬ್ಬಿಸಿ ಏನು ಮಾಡಲಿ?"

"ಮತ್ತೆ... ನನ್ನ ಮೇಲೆ ನಂಬಿಕೆ ಇಲ್ಲ ಅಂತ ನಾನು..."

"ನಿನ್ನ ಮೇಲಲ್ಲ. ನನ್ನ ಮೇಲೆ ಇರಲಿಲ್ಲ."

ಸಿಟ್ಟು ಈಗ ಬಂತು. ಹೊಟ್ಟೆಯ ಆಳದಿಂದ, ಆ ಖಾಲಿ ಜಾಗದಿಂದಲೇ ಎದ್ದು ಬಂತು.

"ತಪ್ಪೆಲ್ಲ ನಂದೇ ಅಂತ ನಾನು ದಿನಾ ಒಳಗೊಳಗೇ ಸಾಯ್ತಿದ್ದೆ. ನೋಡ್ತಾ ಇದ್ರಲ್ಲ ನೀವು?"

"ನೋಡ್ತಿದ್ದೆ."

"ಒಂದೇ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಬಿಟ್ಟು ಹೋಗ್ತೀಯ ಅಂತ ಭಯ."

"ಹೇಳದೆ ಇದ್ದಿದ್ದಕ್ಕೆ ಈಗ ಹೋಗ್ತಿದ್ದೀನಲ್ಲ! ಏನು ಉಳೀತು ನಿಮಗೆ?"

ಅವಳು ಮುಖ ತಿರುಗಿಸಿದಳು.

"ಹುಟ್ಟು ಹಾಕಿ. ದಡಕ್ಕೆ ಬಿಡಿ ನನ್ನನ್ನ."

* * *

ಕಟ್ಟೆ ಹತ್ತಿದವಳು ಹಿಂತಿರುಗಿ ನೋಡಲಿಲ್ಲ. ಟಿಕೆಟ್ ಕಿಟಕಿಯ ಮುಂದೆ ಸಾಲು ಇತ್ತು. ಕೋಳಿ ಬುಟ್ಟಿ ಹಿಡಿದ ಹೆಂಗಸು, ಫ್ಯಾನು ಹೊತ್ತ ಗಂಡಸು, ಕೊನೆಗೆ ಅವಳು. ಬಿಸಿಲಿಗೆ ಕಟ್ಟೆಯ ಸಿಮೆಂಟು ಕಾಯತೊಡಗಿತ್ತು.

'ಕೇಳಿಸಿತ್ತಂತೆ... ಕೇಳಿಸಿಯೂ ಮಗ್ಗುಲು ತಿರುಗಿದ್ರಂತೆ!'

ಎಷ್ಟು ಸಲ ಅಂದುಕೊಂಡರೂ ಆ ಮಾತಿನ ಕಹಿ ಇಳಿಯಲಿಲ್ಲ. ಅದರ ಹಿಂದೆಯೇ ಇನ್ನೊಂದು ಮಾತು ನಿಧಾನವಾಗಿ ಎದ್ದು ಬಂತು. ಅವಳು ಅದನ್ನು ತಳ್ಳಿದಳು. ಅದು ಹೋಗಲಿಲ್ಲ. 'ಅವರ ಪಾಳಿ ಬಂದಾಗ ನೀನು ಎಬ್ಬಿಸಿದ್ಯಾ?'

"ಮುಂದೆ ಬನ್ನಿ," ಎಂದ ಕಿಟಕಿಯ ಒಳಗಿನ ಗುಮಾಸ್ತ. "ಹೋಗಿ ಬರೋದಾ, ಬರೀ ಹೋಗೋದಾ?"

ಅವಳು ಚೀಲದಲ್ಲಿ ದುಡ್ಡು ಹುಡುಕಿದಳು.

"ಬೇಗ ಹೇಳಮ್ಮ. ಹೋಗಿ ಬರೋದೋ, ಬರೀ ಹೋಗೋದೋ?"

ಅಕ್ಕನ ಮನೆ ಕಣ್ಣ ಮುಂದೆ ಬಂತು. ಗುಡಿಸಿಟ್ಟ ರೂಮು, ಎಣ್ಣೆ ಹಾಕಿದ ಮಿಷನ್ನು. ಅಲ್ಲಿ ಎಲ್ಲರೂ 'ಪಾಪ' ಅನ್ನುತ್ತಾರೆ. ಬೆನ್ನು ಸವರುತ್ತಾರೆ. ಆದರೆ ಆ ಮಗುವಿನ ಮಾತು ಯಾರ ಹತ್ತಿರ ಆಡುವುದು? ಒಳಗೆ ಮೊದಲ ಸಲ ಅದು ಮಿಸುಕಾಡಿದಾಗ ಚುಕ್ಕಾಣಿ ಬಿಟ್ಟು ಬಂದು ಹೊಟ್ಟೆಯ ಮೇಲೆ ಕಿವಿ ಇಟ್ಟವನು ಒಬ್ಬನೇ. ಅದನ್ನು ಕಳೆದುಕೊಂಡವರು ಈ ಪ್ರಪಂಚದಲ್ಲಿ ಇಬ್ಬರೇ. ಇಬ್ಬರಲ್ಲಿ ಒಬ್ಬರು ಫೆರ್ರಿ ಹತ್ತಿದರೆ, ಆ ಮಗು ಇತ್ತು ಅನ್ನುವುದೂ ಸುಳ್ಳಾಗುತ್ತದೆ.

"ಎರಡೂ ಬೇಡ," ಎಂದಳು ಅವಳು.

"ಹಾಗಾದ್ರೆ ಸಾಲಲ್ಲಿ ಯಾಕಮ್ಮ ನಿಂತ್ರಿ?" ಗುಮಾಸ್ತ ಗೊಣಗಿದ. "ಬೆಳಿಗ್ಗೆ ಬೆಳಿಗ್ಗೆ ಎಲ್ಲಿಂದ ಬರ್ತಾರೋ..."

ಅವಳು ಕಟ್ಟೆಯ ತುದಿಗೆ ಬಂದಳು. ಸಣ್ಣ ದೋಣಿ ಅಲ್ಲೇ ಇತ್ತು. ಹಗ್ಗವನ್ನು ಕಂಬಕ್ಕೆ ಅರ್ಧಂಬರ್ಧ ಸುತ್ತಿದ್ದ. ಅವನು ಹುಟ್ಟುಗಳ ಮೇಲೆ ಬಗ್ಗಿ, ಸುಡುಬಿಸಿಲಿಗೆ ತಲೆ ಕೊಟ್ಟು, ಬಾಯಿ ತೆರೆದು... ನಿದ್ದೆ ಹೋಗಿದ್ದ!

'ಹೆಂಡತಿ ಬಿಟ್ಟು ಹೋಗ್ತಿದ್ದಾಳೆ, ಇವರಿಗೆ ಗೊರಕೆ!'

ಆ ಕ್ಷಣ ಎತ್ತಿ ನೀರಿಗೆ ಹಾಕಿಬಿಡಬೇಕು ಅನ್ನಿಸಿತು. ಆಗ ಫೆರ್ರಿ ಕಿವಿ ಕಿತ್ತುಹೋಗುವಂತೆ ಸೀಟಿ ಹೊಡೆಯಿತು. ಕಟ್ಟೆಯ ಮೇಲಿನ ಕಾಗೆಗಳೆಲ್ಲ ಹಾರಿದವು. ಅವನು ಮಿಸುಕಲೂ ಇಲ್ಲ. ಇಷ್ಟು ತಿಂಗಳು ಎದೆಯ ಮೇಲೆ ಹೊತ್ತಿದ್ದನ್ನು ಇಳಿಸಿದವನು, ಇಳಿಸಿದ ಜಾಗದಲ್ಲೇ ಬಿದ್ದಿದ್ದ.

ಅವಳು ಮೆಲ್ಲಗೆ ದೋಣಿಗಿಳಿದು ಎದುರು ಕೂತಳು. ಹಗ್ಗವನ್ನು ಸರಿಯಾಗಿ ಕಟ್ಟಿದಳು. ಚೀಲದಿಂದ ಕೊಡೆ ತೆಗೆದು ಅವನ ತಲೆಯ ಮೇಲೆ ಹಿಡಿದಳು. ಫೆರ್ರಿ ಹೋಯಿತು. ಅದರ ಅಲೆಗಳು ಬಂದು ಸಣ್ಣ ದೋಣಿಯನ್ನು ತೂಗಿ ಹೋದವು. ಕೈ ನೋಯತೊಡಗಿದಾಗ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

ಬಿಸಿಲು ನೆತ್ತಿಗೆ ಬಂದ ಮೇಲೆ ಅವನು ತಾನಾಗಿಯೇ ಕಣ್ಣು ಬಿಟ್ಟ. ಕೊಡೆ ನೋಡಿದ. ಅವಳನ್ನು ನೋಡಿದ. ಖಾಲಿ ಕಟ್ಟೆ ನೋಡಿದ.

"ಫೆರ್ರಿ?"

"ಹೋಯ್ತು."

"ನೀನು... ಹೋಗಲಿಲ್ಲ?"

"ಕಣ್ಣು ಕಾಣಲ್ವಾ?"

"ಕ್ಷಮಿಸಿದ್ಯಾ?"

"ಇಲ್ಲ," ಎಂದಳು ಅವಳು ಖಡಾಖಂಡಿತವಾಗಿ. "ಕ್ಷಮಿಸ್ತೀನೋ ಇಲ್ವೋ ಗೊತ್ತಿಲ್ಲ. ಕೋಪ ಬೆಟ್ಟದಷ್ಟಿದೆ. ಅಕ್ಕನ ಮನೇಲಿ ಗೋಡೆ ಮೇಲೆ ಕೋಪ ಮಾಡ್ಕೊಳ್ಳೋ ಬದಲು ನಿಮ್ಮ ಎದುರಿಗೇ ಕೂತು ಮಾಡ್ಕೋತೀನಿ."

ಅವನು ತಲೆಯಾಡಿಸಿದ. ಅವಳು ಕೊಡೆ ಮಡಚಿದಳು. ಮಡಚುತ್ತಾ, ಅದರ ಕಡ್ಡಿಗಳ ಕಡೆ ನೋಡುತ್ತಾ ಹೇಳಿದಳು.

"ನಿಮ್ಮ ಪಾಳಿ ಬಂದಾಗಲೇ ಎಬ್ಬಿಸಬೇಕಿತ್ತು ನಾನು. ಪಾಪ ಮಲಗಲಿ ಅಂತ ಬಿಟ್ಟೆ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ಪೂರ್ತಿ ನಿಜ ಅದಲ್ಲ. ಒಬ್ಬಳೇ ನಡೆಸ್ತೀನಿ, ಇವರು ಎದ್ದು ಬಂದು ಭೇಷ್ ಅನ್ನಲಿ ಅಂತ ಆಸೆ ಇತ್ತು."

"ಭೇಷ್ ಅಂತ ದಿನಾ ಅಂದ್ಕೊಳ್ತಿದ್ದೆ ಕಣೇ. ನಿನಗೆ ಕೇಳೋ ಹಾಗೆ ಅಂದಿರಲಿಲ್ಲ, ಅಷ್ಟೇ."

ಅವಳು ಕೊಡೆಯನ್ನು ಚೀಲಕ್ಕೆ ಸೇರಿಸಿದಳು. ಆಮೇಲೆ ಇಷ್ಟು ತಿಂಗಳು ನಾಲಿಗೆಯ ಹಿಂದೆ ಬಚ್ಚಿಟ್ಟಿದ್ದನ್ನು ತೆಗೆದಳು.

"ಹೆಣ್ಣು ಮಗು ಅಂತ ಆಸ್ಪತ್ರೆಯ ನರ್ಸ್ ನನಗೆ ಹೇಳಿದ್ರು. ನಿಮಗೆ ಹೇಳಿದ್ರೆ ಎದೆ ಒಡ್ಕೋತೀರ ಅಂತ ಹೇಳಲಿಲ್ಲ."

"ನನಗೂ ಹೇಳಿದ್ರು," ಎಂದ ಅವನು. "ನಿನಗೆ ಗೊತ್ತಾಗೋದು ಬೇಡ ಅಂತ..."

ಮಾತು ಅಲ್ಲಿಗೇ ನಿಂತಿತು. ಅವನು ಅಳುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅಳಲು ಅವನಿಗೆ ಬಿಡುವಾದರೂ ಎಲ್ಲಿತ್ತು? ಹುಟ್ಟುಗಳನ್ನು ಹಿಡಿದುಕೊಂಡೇ ಅಳುತ್ತಿದ್ದ, ಈಗಲೂ ದೋಣಿ ಬಿಟ್ಟರೆ ಎಲ್ಲಿ ಹೋಗಿಬಿಡುತ್ತದೋ ಎಂಬಂತೆ.

ಅವಳು ಎದ್ದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಜಾಗ ಬಿಡಿ. ನೀವು ಅಳಿ, ನಾನು ಹುಟ್ಟು ಹಾಕ್ತೀನಿ."

"ಮತ್ತೆ ನೀನು ಅಳೋದು?"

"ನನ್ನ ಪಾಳಿ ಬಂದಾಗ ಹುಟ್ಟು ನಿಮ್ಮ ಕೈಗೆ ಕೊಡ್ತೀನಿ."